ಅವಳು ಕಲಿಸಿದ ನಾನು

"ಮುಖಕ್ಕೆ ಹೊಡೆದ ಹಾಗೆ ಹೇಳ್ರೀ! ಸುತ್ತಿ ಬಳಸಿ ಆಡಿದ್ರೆ ನಾನು ಕೇಳೋಳಲ್ಲ. ಹನ್ನೆರಡು ವರ್ಷ ಈ ಶಾಲೇಲಿ ಬೆವರು ಸುರಿಸಿದೋಳು ನಾನು! ನನ್ನ ಬಾಯಿ ಮುಚ್ಚಿಸೋಕೆ ನೀವ್ಯಾರ್ರೀ?"

ಹೀಗೆ ಗುಡುಗಿದವನು ಲಿನ್ವಲ್. ಆರಡಿ ಮೀರಿದ ಆಳು, ಬಾಗಿಲಿಗೆ ಅಡ್ಡ ನಿಂತರೆ ಕೋಣೆಗೆ ಬೆಳಕಿಲ್ಲ. ವಯಸ್ಸು ಐವತ್ತರ ಹತ್ತಿರ, ಗಡ್ಡ ಅರ್ಧ ನರೆತಿದೆ, ದನಿ ಬಂದರಿನಲ್ಲಿ ಹಡಗು ಕೂಗಿದ ಹಾಗೆ. ಅವನು ಮೇಜು ಗುದ್ದಿದ ರಭಸಕ್ಕೆ ಪೆನ್ನಿನ ಡಬ್ಬಿ ಉರುಳಿತು. ಸೀಮೆಎಣ್ಣೆ ಒಲೆಯ ಮೇಲಿನ ಕೆಟಲು ಮಾತ್ರ ತನ್ನ ಪಾಡಿಗೆ ಕುದಿಯುತ್ತಿತ್ತು. ಶಿಕ್ಷಕರ ಕೋಣೆಯಲ್ಲಿದ್ದವರೆಲ್ಲ ತಲೆ ಬಗ್ಗಿಸಿ ಮಕ್ಕಳ ಪುಸ್ತಕ ತಿದ್ದುತ್ತಿದ್ದರು, ಅಥವಾ ತಿದ್ದುವ ಹಾಗೆ ಕೂತಿದ್ದರು. ಯಾರೋ ಕೆಮ್ಮಿದರು. ಆ ಕೆಮ್ಮು ಕೆಮ್ಮಲ್ಲ ಎಂದು ಲಿನ್ವಲನಿಗೆ ಅನ್ನಿಸಿದ್ದು ಆಮೇಲೆ.

ಎದುರಿಗೆ ಉಪಮುಖ್ಯೋಪಾಧ್ಯಾಯ ಚಿದಾ. ಹೋದ ಏಪ್ರಿಲಿನಲ್ಲಿ ವರ್ಗವಾಗಿ ಬಂದ ತೆಳ್ಳಗಿನ ಮನುಷ್ಯ. ಎಲ್ಲರಿಗಿಂತ ಮೊದಲು ಬಂದು ಶಾಲೆಯ ಮುಂದಿನ ಹಿಮ ತೋಡುವವನು, ಎಲ್ಲರಿಗಿಂತ ಕೊನೆಗೆ ಬೀಗ ಹಾಕುವವನು. ಅವನ ಮೇಲೆ ಸಿಟ್ಟಾಗುವುದು ಕಷ್ಟ. ಆದರೂ ಲಿನ್ವಲ್ ಸಿಟ್ಟಾಗಿದ್ದ.

"ಕೂತ್ಕೊಳ್ಳಿ, ರಿಂಬಾರು ಸೆನ್ಸೆ," ಅಂದ ಚಿದಾ. ಜಪಾನಿಯರ ನಾಲಿಗೆಗೆ ಲಿನ್ವಲ್ ದಕ್ಕುವುದಿಲ್ಲ, ರಿಂಬಾರು ಆಗುತ್ತದೆ. ಮೇಷ್ಟರೆಲ್ಲ ಸೆನ್ಸೆ. "ನಾನು ಹೇಳಿದ್ದು ಇಷ್ಟೇ. ನಾಳೆ ನಿಮ್ಮ ಪಾಠ ನೋಡೋಕೆ ಶಿಕ್ಷಣ ಇಲಾಖೆಯವರು ಬರ್ತಿದಾರೆ. ನಾಳೆಯಿಂದ ತರಗತೀಲಿ ಇಂಗ್ಲಿಷ್ ಮಾತ್ರ ಆಡಿ. ಜಪಾನಿ ಬೇಡ."

"ಯಾಕೆ ಬೇಡ? ನನ್ನ ಜಪಾನಿ ಅಷ್ಟು ಕೆಟ್ಟದಾ?"

"ಕೆಟ್ಟದಲ್ಲ. ತುಂಬಾ ಚೆನ್ನಾಗಿದೆ."

"ಮತ್ತೇನು ರೋಗ ನಿಮಗೆ?"

"ತುಂಬಾನೇ..." ಚಿದಾ ಮಾತು ಹುಡುಕಿದ. "ನಯವಾಗಿದೆ." ಮೂಲೆಯಿಂದ ಇನ್ನೊಂದು ಕೆಮ್ಮು ಬಂತು. ಚಿದಾ ಆ ಕಡೆ ಕಣ್ಣು ಕೆಕ್ಕರಿಸಿ, ದನಿ ಇಳಿಸಿದ. "ಮೂರನೇ ತರಗತಿಯ ಹುಡುಗನ ಅಪ್ಪ ಫೋನ್ ಮಾಡಿದ್ರು. ಊಟಕ್ಕೆ ಕೂತಾಗ ಹುಡುಗ, 'ಅಯ್ಯೋ, ಅತಾಶಿಗೆ ಸಾಕು ಕಣಮ್ಮ' ಅಂದನಂತೆ. ಯಾರು ಕಲಿಸಿದ್ದೋ ಅಂತ ಕಿವಿ ಹಿಂಡಿದರೆ, ರಿಂಬಾರು ಸೆನ್ಸೆ ಅಂದನಂತೆ."

"ಅತಾಶಿ ಅಂದ್ರೆ ನಾನು. ಅದರಲ್ಲಿ ತಪ್ಪೇನಿದೆ?"

"ಅದು ಹೆಂಗಸರ 'ನಾನು', ಸೆನ್ಸೆ. ಗಂಡಸರಿಗೆ ಬೇರೆ ಇದೆ. ಆ ಒಂದು ಪದ ಮಾತ್ರ ಅಲ್ಲ. ನೀವು ಆಶ್ಚರ್ಯಪಡೋದು, ಬೇಡ ಅನ್ನೋದು, ಮಕ್ಕಳನ್ನ ಕರೆಯೋದು, ಈಗ ನನಗೆ ಬೈದದ್ದು ಕೂಡ, ಎಲ್ಲ ಒಬ್ಬ ಹೆಂಗಸು ಮಾತಾಡಿದ ಹಾಗೆ. ತೋಕಿಯೊ ಕಡೆಯ, ಒಳ್ಳೆ ಮನೆತನದ ಹೆಂಗಸು. ಯಾರೂ ನಿಮಗೆ ಹೇಳಲಿಲ್ವಾ?"

ಲಿನ್ವಲ್ ಉತ್ತರ ಕೊಡಲು ಬಾಯಿ ತೆರೆದ. ಬಾಯಿಗೆ ಬಂದ ಮೊದಲ ಮಾತೇ 'ಅತಾಶಿ'. ಅದನ್ನು ಹಾಗೇ ನುಂಗಿದ. ಮೀನಿನ ಮುಳ್ಳು ನುಂಗಿದ ಹಾಗಾಯಿತು. ಸುತ್ತ ನೋಡಿದ. ತಗ್ಗಿದ ತಲೆಗಳು. ಈ ತಲೆಗಳಿಗೆಲ್ಲ ಗೊತ್ತಿತ್ತು. ಇವರ ಹಿಂದೆ ಇದೇ ಕುರ್ಚಿಗಳಲ್ಲಿ ಕೂತು ವರ್ಗವಾಗಿ ಹೋದವರಿಗೂ ಗೊತ್ತಿತ್ತು. ಮೇಷ್ಟರುಗಳು ಇಲ್ಲಿ ಕೆಲವು ವರ್ಷ ಇರುತ್ತಾರೆ, ಹೋಗುತ್ತಾರೆ. ಬಾಡಿಗೆ ಆಳಿನಂತೆ ವರ್ಷವರ್ಷ ಕರಾರು ಬರೆದುಕೊಡುವ ಪರದೇಶಿ ಅವನೊಬ್ಬನೇ ಇಲ್ಲಿಯೇ ಉಳಿದು ಎಲ್ಲರಿಗಿಂತ ಹಳಬನಾಗಿದ್ದ. ಹೊಸಬರು ಬಂದಾಗ ಯಾವ ಕಿಟಕಿ ಗಾಳಿಗೆ ಬಡಿದುಕೊಳ್ಳುತ್ತದೆ, ಯಾವ ನಲ್ಲಿ ಹಿಮಕ್ಕೆ ಒಡೆಯುತ್ತದೆ ಎಂದು ತೋರಿಸುತ್ತಿದ್ದವನು ಅವನೇ. ತೋರಿಸುವಾಗಲೂ ಹೆಂಗಸಿನ ಹಾಗೆ ತೋರಿಸಿದ್ದ. ಅವರು ನಮ್ರವಾಗಿ ತಲೆಬಾಗಿ ಕೇಳಿಸಿಕೊಂಡು, ತಿರುವಿನಾಚೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಗಂಟೆ ಹೊಡೆಯಿತು. ಲಿನ್ವಲ್ ಉರುಳಿದ ಪೆನ್ನುಗಳನ್ನು ಒಂದೊಂದಾಗಿ ಎತ್ತಿ ಡಬ್ಬಿಗೆ ಹಾಕಿ ಹೊರಗೆ ಬಂದ.

ಕಾರಿಡಾರಿನಲ್ಲಿ ಮಂಜುಗಟ್ಟುವ ಚಳಿ. ಕಿಟಕಿಯಾಚೆ ಸಮುದ್ರದ ಬಣ್ಣವೂ ಆಕಾಶದ ಬಣ್ಣವೂ ಒಂದೇ, ತೊಳೆಯದ ಪಾತ್ರೆಯ ಬಣ್ಣ. ಅವನಿಗೆ ಹೇಗೆ ಗೊತ್ತಾಗಬೇಕಿತ್ತು? 'ನಾನು' ಎನ್ನಲು ಶಾಲೆಯಲ್ಲಿ ಮೇಷ್ಟರೂ ಮೇಡಮ್ಮೂ ಒಂದೇ ಥರ 'ವತಾಶಿ' ಅನ್ನುತ್ತಾರೆ. ಊರಿನಲ್ಲಿ ಮೀನುಗಾರನೂ ಮೀನುಗಾರನ ಅಜ್ಜಿಯೂ ಒಂದೇ ಥರ 'ಒರಾ' ಅನ್ನುತ್ತಾರೆ. ಶಾಲೆಯದು ಗಂಜಿ ಹಾಕಿದ ಬಟ್ಟೆಯ ಮಾತು, ಊರಿನದು ಒರಟು ಮಾತು, ಹೆಂಡತಿ ಮಿಹೊ ಕಲಿಸಿದ 'ಅತಾಶಿ' ಮನೆಯ ಮಾತು ಎಂದು ತಿಳಿದಿದ್ದ. ಒಮ್ಮೆ ಬಾರಿನಲ್ಲಿ ಕುಡುಕನೊಬ್ಬನಿಂದ 'ಒರೆ' ಎಂಬ ಇನ್ನೊಂದು 'ನಾನು' ಹೆಕ್ಕಿಕೊಂಡು ಬಂದಾಗ, "ಥೂ, ಅದು ನಡತೆಗೆಟ್ಟವರ ಮಾತು, ನಿನಗೆ ಬೇಡ" ಅಂದಿದ್ದಳು. ಹಾಗಂದವಳೇ ಈ ಇನ್ನೊಂದನ್ನು ಅವನ ಬಾಯಿಗಿಟ್ಟಳು. ಅವನ ಬಾಯಿಂದ ಅದು ಹೊರಬಿದ್ದಾಗಲೆಲ್ಲ ಅವಳು ಕಣ್ಣು ಕಿರಿದು ಮಾಡಿ ನಗುತ್ತಿದ್ದಳು. ಆ ನಗೆಯನ್ನು ನೆನೆದೇ ಅವನು, ಅವಳು ಹೋದ ಮೇಲಿನ ಈ ನಾಲ್ಕು ಚಳಿಗಾಲ, ಹಾಸಿಗೆಯಿಂದ ಏಳುತ್ತಿದ್ದ. ಈಗ ಆ ನಗೆಯನ್ನೇ ತಿರುಗಿಸಿ ತಿರುಗಿಸಿ ನೋಡಬೇಕಾಯಿತು, ಖೋಟಾ ನೋಟು ನೋಡಿದ ಹಾಗೆ.

ಅವಳ ಅಂತ್ಯಕ್ರಿಯೆಯ ದಿನ, ಹೆಣವನ್ನು ಸುಡಲು ಒಯ್ಯುವ ಮೊದಲು, ಗಂಡನಾದವನು ನಿಂತು ಬಂದವರಿಗೆ ನಾಲ್ಕು ಮಾತು ಹೇಳಬೇಕು. ಅವನು ಯಾರಿಂದಲೂ ಬರೆಸಿಕೊಳ್ಳಲಿಲ್ಲ. ನನ್ನ ಹೆಂಡತಿ ಕಲಿಸಿದ ಮಾತಲ್ಲೇ ಅವಳನ್ನು ಕಳಿಸುತ್ತೇನೆ ಎಂಬ ಹಟ. "ಇಷ್ಟು ದೂರ ಬಂದಿದೀರ. ಮಿಹೊ ಇದ್ದಿದ್ರೆ ಟೀ ಮಾಡ್ತಿದ್ಲು. ಇನ್ನು ನಾನು ಒಬ್ಬಳೇ ಕಣ್ರೀ. ಒಬ್ಬಳೇ ಆಗಿಬಿಟ್ಟೆ." ಎದುರಿಗೆ ಕರಿಬಟ್ಟೆಯ ಸಾಲುಗಳು. ಅವರ ಹೆಗಲು ಅಲುಗುತ್ತಿದ್ದವು. ಕರವಸ್ತ್ರಗಳು ಮುಖಕ್ಕೆ ಹೋದವು. ಅವಳ ಚಿಕ್ಕಪ್ಪನ ಮಗ ಎದ್ದು ಹೊರಗೆ ಓಡಿದ. ಎಷ್ಟು ಪ್ರೀತಿ ಇವಳ ಮೇಲೆ ಇವರಿಗೆಲ್ಲ ಎಂದು ಲಿನ್ವಲ್ ಅವತ್ತು ಎದೆ ತುಂಬಿ ನಿಂತಿದ್ದ. ಕಾರಿಡಾರಿನ ನಡುವೆ ಅವನ ಕಾಲು ನಿಂತುಬಿಟ್ಟಿತು. ಅತ್ತರೋ, ನಕ್ಕರೋ? ಹೊರಗೆ ಓಡಿದವನು ಯಾತಕ್ಕೆ ಓಡಿದ? ಪಕ್ಕದಲ್ಲಿ ಹಾದುಹೋದ ಪುಟ್ಟ ಹುಡುಗಿಯೊಬ್ಬಳು, "ಸೆನ್ಸೆ, ದಾರಿ" ಅಂದಳು. ಗೋಡೆಗೆ ಒತ್ತಿ ಜಾಗ ಬಿಟ್ಟ.

ಮಧ್ಯಾಹ್ನದ ಊಟ ಮೂರನೇ ತರಗತಿಯ ಮಕ್ಕಳ ಜೊತೆ. ಬಿಳಿ ಟೋಪಿ ಕಟ್ಟಿಕೊಂಡ ಮಕ್ಕಳೇ ಬಡಿಸುತ್ತಾರೆ. ಅನ್ನ, ಸಾರು, ಕರಿದ ಮೀನು, ಹಾಲು, ಒಂದೊಂದು ಕಿತ್ತಳೆ ಜೆಲ್ಲಿ. ಅವನ ಮೊಣಕಾಲು ಪುಟ್ಟ ಬೆಂಚಿನ ಕೆಳಗೆ ಹಿಡಿಯುವುದಿಲ್ಲ, ಪಕ್ಕಕ್ಕೆ ತಿರುಗಿಸಿ ಕೂರುತ್ತಾನೆ. ದಿನವೂ ಇಲ್ಲಿ ಅವನ ಬಾಯಿ ಸುಮ್ಮನಿರುವುದಿಲ್ಲ. ಇವತ್ತು ತಿನ್ನುವುದಕ್ಕೆ ಮಾತ್ರ ತೆರೆಯಿತು.

"ಸೆನ್ಸೆ, ಹಲ್ಲುನೋವಾ?" ಪಕ್ಕದ ಇತೋಹಾ ಕೇಳಿದಳು. ಸಣ್ಣ ಹುಡುಗಿ, ಸದಾ ಮೂಗು ಸೋರುತ್ತಿರುತ್ತದೆ. ಅವನೊಡನೆ ಬಿಟ್ಟರೆ ತರಗತಿಯಲ್ಲಿ ಅವಳ ದನಿಯೇ ಏಳುವುದಿಲ್ಲ. ಲಿನ್ವಲ್ ತಲೆ ಅಲ್ಲಾಡಿಸಿದ.

"ಹೆಂಡ್ತಿ ಬೈದ್ರಾ?" ಅಂದ ಎದುರಿನ ದಪ್ಪ ಹುಡುಗ.

"ದಡ್ಡ! ಸೆನ್ಸೆ ಹೆಂಡ್ತಿ ಸತ್ತೋಗಿದಾರೆ."

"ಸತ್ತೋರು ಬೈಯಲ್ವಾ? ನಮ್ಮ ತಾತ ಸತ್ತ ಮೇಲೂ ಅಜ್ಜಿ ಕನಸಲ್ಲಿ ಬಂದು ಬೈತಾರೆ. ಉಪ್ಪಿನಕಾಯಿ ಸರಿಯಿಲ್ಲ ಅಂತ."

ಲಿನ್ವಲನಿಗೆ ನಗು ಬಂತು. ನಗುವಾಗ 'ಅಯ್ಯೋ' ಎಂದು ಹೊರಬೀಳಬೇಕಿದ್ದ ಮಾತನ್ನು ಹಾಲು ಕುಡಿದು ಒಳಗೆ ತಳ್ಳಿದ. ಗೈರುಹಾಜರಾದ ಹುಡುಗನ ಜೆಲ್ಲಿಗೆ ಮಕ್ಕಳು ಕಲ್ಲು, ಕತ್ತರಿ, ಕಾಗದ ಎಂದು ಕೈ ಬೀಸಿ ಸ್ಪರ್ಧೆಗಿಳಿದರು. ಸೋತವನೊಬ್ಬ ಹಣೆ ಚಚ್ಚಿಕೊಂಡು, "ಅಯ್ಯೋ, ಅತಾಶಿ ಸತ್ತೆ!" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅದು ತನ್ನದೇ ದನಿ, ತನ್ನದೇ ಹಣೆ ಚಚ್ಚಿಕೊಳ್ಳುವ ರೀತಿ. ಎಷ್ಟು ಸಲ ನೋಡಿದ್ದ ಈ ಆಟವನ್ನು, ಎಷ್ಟು ಸಲ ಅವರೊಟ್ಟಿಗೆ ತಾನೂ ನಕ್ಕಿದ್ದ, ಮಕ್ಕಳು ತನ್ನನ್ನು ಹಚ್ಚಿಕೊಂಡಿದ್ದಾರೆ ಎಂದು. ಹಚ್ಚಿಕೊಂಡೂ ಇದ್ದರು. ಅದೇ ತೊಂದರೆ. ಯಾವ ನಗೆ ಯಾವುದು ಎಂದು ಬಿಡಿಸಿ ನೋಡಲು ಆಗುತ್ತಿರಲಿಲ್ಲ.

ಊಟದ ಮೇಲೆ ಶಾಲೆಯನ್ನು ಗುಡಿಸಿ ಒರೆಸುವ ಹೊತ್ತು. ಆಗ ಯಾರೂ ಮಾತಾಡಬಾರದೆಂಬ ನಿಯಮ. ಮಂಡಿಯೂರಿ ಒದ್ದೆಬಟ್ಟೆ ಹಿಡಿದು ಮಕ್ಕಳ ಜೊತೆ ಕಾರಿಡಾರು ಒರೆಸುವಾಗ, ಈ ದೇಶದಲ್ಲಿ ಮೊದಲ ಸಲ ಲಿನ್ವಲನಿಗೆ ಆ ನಿಯಮ ಇಷ್ಟವಾಯಿತು. ಮೂಕನಾಗಿ ಇಲ್ಲಿ ದುಡಿಯಬಹುದು. ಚಿದಾ ಕೇಳಿದ್ದೂ ಅದನ್ನೇ ಅಲ್ಲವೆ. ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಕೂಗು, ಉಳಿದಂತೆ ಬಾಯಿಗೆ ಬೀಗ. ಸಂಬಳ ಬರುತ್ತದೆ. ಮರ್ಯಾದೆಯೂ ಉಳಿಯುತ್ತದೆ. ಬಟ್ಟೆ ಹಿಂಡಿದಾಗ ನೀರು ಕಪ್ಪಗೆ ಇಳಿಯಿತು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅತ್ತೆ ತೋಮೆ ಕೆಳಗೆ ಕಾವಿರುವ ಗಿಡ್ಡ ಮೇಜಿನ ಹೊದಿಕೆಯೊಳಗೆ ಕಾಲು ಚಾಚಿ, ಮೀನಿನ ಹೊಟ್ಟೆ ಸೀಳಿ ಮೊಟ್ಟೆ ತೆಗೆಯುತ್ತಿದ್ದಳು. ಎಂಬತ್ತು ದಾಟಿದ ಮುದುಕಿ. ಮಗಳು ಸತ್ತ ಮೇಲೆ ಅಳಿಯನೂ ಅವಳೂ ಒಂದೇ ಮನೆಯಲ್ಲಿ ಬೇಯಿಸಿಕೊಂಡಿದ್ದಾರೆ. ಊರು ಏನೇನೋ ಅಂದುಕೊಂಡಿತು, ಆಮೇಲೆ ಬೇಸತ್ತು ಬಿಟ್ಟಿತು. ಅವಳದು ಅಪ್ಪಟ ಊರ ಮಾತು. ಮಿಹೊ ಇರುವವರೆಗೆ ಅವಳೇ ನಡುವೆ ನಿಂತು ತಿಳಿಸುತ್ತಿದ್ದಳು, ಅವನಿಗೆ ಒಂದು ಅಕ್ಷರವೂ ಹತ್ತುತ್ತಿರಲಿಲ್ಲ; ಈಗ ಹತ್ತುತ್ತದೆ.

"ಅಮ್ಮಾ," ಅಂದ ಬೂಟಿನ ಹಿಮ ಕೊಡವುತ್ತ. "ನಾನು ಹೆಂಗಸಿನ ಹಾಗೆ ಮಾತಾಡ್ತೀನಾ?"

"ಊಂ."

"ಯಾವಾಗಿಂದ?"

"ಬಾಯಿ ಬಿಟ್ಟಾಗ್ಲಿಂದ."

"ಊರೋರಿಗೆಲ್ಲ ಗೊತ್ತಾ?"

"ಕಿವಿ ಇರೋರ್ಗೆಲ್ಲ ಗೊತ್ತು ಕಣಪ್ಪ."

"ಹೇಳಬಾರದಿತ್ತಾ ನನಗೆ? ನೀವಾದ್ರೂ?"

"ಏನಂತ ಯೋಳ್ಲಿ? ನಮ್ಮೂರಾಗೆ ಗಂಡು ಹೆಣ್ಣು ಎಲ್ಲ 'ಒರಾ' ಅಂತೀವಿ. ಈ ಅತಾಶಿ ಗಿತಾಶಿ ನಂಗೂ ಬರಾಕಿಲ್ಲ. ನೀನು ಆಡ್ತಾ ಇದ್ರೆ ಟೀವಿ ನಾಟಕದಾಗಿನ ದೊಡ್ಡಮನೆ ಸೊಸೆ ಆಡ್ದಂಗಿರ್ತದೆ. ಕೇಳಾಕೆ ಚೆಂದಾಗೇ ಇರ್ತದೆ ಬಿಡು."

ಲಿನ್ವಲನ ನೆತ್ತಿಗೆ ರಕ್ತ ಏರಿತು. ದಿನವಿಡೀ ಅದುಮಿಟ್ಟಿದ್ದೆಲ್ಲ ಮುದುಕಿಯ ಮೇಲೆ ಬಿತ್ತು. "ಅಂದ್ರೆ ನಿಮ್ಮ ಮಗಳು ಬೇಕಂತಲೇ ಮಾಡಿದ್ಲು! ಕೋತಿಗೆ ಲಂಗ ತೊಡಿಸಿ ಕುಣಿಸೋ ಹಾಗೆ ನನ್ನ ಕುಣಿಸಿದ್ಲು. ನೋಡಿ ನೋಡಿ ನಕ್ಕಳು. ಸತ್ತ ಮೇಲೂ ನಗಿಸಿದ್ಲು, ಅವಳ ಹೆಣದ ಮುಂದೆ..."

"ಮುಚ್ಚು ಬಾಯಿ." ತೋಮೆ ಚೂರಿಯನ್ನು ಮೇಜಿಗೆ ಕುಕ್ಕಿದಳು. ಮೀನಿನ ಮೊಟ್ಟೆ ಅಂಟಿದ ಬೆರಳನ್ನು ಅವನ ಮುಖದತ್ತ ಚಾಚಿದಳು. "ಅವ್ಳ ಮಾತು ಅಂತ ತಿಳ್ಕಂಡಿದ್ದೀಯಲ್ಲ, ಅದು ಅವ್ಳ ಮಾತೇ ಅಲ್ಲ ಕಣೋ. ಹುಟ್ದಾಗ್ಲಿಂದ ಅವ್ಳು 'ಒರಾ' ಅಂದೋಳು. ನನ್ನ ತಾವ, ಮೀನಂಗ್ಡಿ ತಾವ, ನಾಯಿ ತಾವ, ಎಲ್ಲಾರ ತಾವನೂ 'ಒರಾ'. ನಿನ್ನೊಬ್ಬನ ತಾವ ಅತಾಶಿ. ನಿನ್ನ ಕರ್ಕಂಡು ಬರೋಕೆ ಮುಂಚೆ ಟೀವಿ ಮುಂದೆ ಕುಂತು ಆ ತೋಕಿಯೊ ಹೆಂಗಸ್ರು ಆಡ್ದಂಗೆ ಬಾಯಿ ತಿರುಗಿಸ್ತಿದ್ಲು. ನಂಗೆ ನಗು ತಡಿಯಾಕೆ ಆಗ್ತಿರ್ಲಿಲ್ಲ. ಯಾಕೆ ಮಗಾ ಈ ವೇಸ ಅಂದೆ. ಏನಂದ್ಲು ಗೊತ್ತಾ? ಈ ಕೊಂಪೆ ಮಾತು ಕಲಿತ್ರೆ ಪೇಟೆ ಜನ ನಗ್ತಾರೆ, ನನ್ನ ಗಂಡನ್ನ ನೋಡಿ ಯಾರೂ ನಗಬಾರ್ದು ಅಂದ್ಲು."

ಒಲೆಯ ಮೇಲಿನ ಸಾರು ಉಕ್ಕಿತು. ಯಾರೂ ಏಳಲಿಲ್ಲ.

"ಗಂಡಸಿನ ಮಾತು ಬೇರೆ ಅಂತ ಹೊಳೀಲಿಲ್ವಾ ಅವಳಿಗೆ?" ಅಂದ ಲಿನ್ವಲ್. ದನಿ ತಗ್ಗಿತ್ತು.

"ಹೊಳೀತು, ತಡವಾಗಿ. ನಮ್ಮಲ್ಲಿ ಆ ಬೇದ ಇದ್ರೆ ತಾನೆ ಮೊದ್ಲೇ ಹೊಳೆಯಾದು. ನೀನು ಇಸ್ಕೂಲಿಗೆ ಸೇರಿದ ಮೇಲೆ ತಿದ್ದಾಕೆ ನೋಡಿದ್ಲು. ಅವತ್ತು ನೀನು ತಟ್ಟೆ ನೂಕಿ ಎದ್ದು ಹೋದೆ, ಗ್ಯಾಪ್ಕ ಐತಾ?"

ಇತ್ತು. ಸಣ್ಣ ಮಾತಿಗೆ, 'ಅದರ ಬದಲು ಹೀಗೆ ಅಂದು ನೋಡು' ಎಂದದ್ದಕ್ಕೆ. ಇನ್ನೂ ಎಷ್ಟು ತಿದ್ದುತ್ತೀ ನನ್ನನ್ನು, ನಾನೇನು ನಿನ್ನ ಶಾಲೆಯ ಹುಡುಗನೇ ಎಂದು ಕಿರುಚಿ, ಸಮುದ್ರದ ದಂಡೆಯಲ್ಲಿ ಚಳಿಗೆ ಕಿವಿ ಬಿದ್ದುಹೋಗುವವರೆಗೆ ನಡೆದಿದ್ದ. ಹಿಂದಿರುಗಿದಾಗ ಮಿಹೊ ಕೇಳಿದ್ದು, "ಊಟ ಬಿಸಿ ಮಾಡಲಾ?" ಅಷ್ಟೇ. ಆಮೇಲೆ ಅವಳು ಅವನನ್ನು ತಿದ್ದಲೇ ಇಲ್ಲ. ಅವನು ಗೆದ್ದೆ ಎಂದುಕೊಂಡಿದ್ದ. ಅವಳು ಮಾತ್ರ ಅವನ ಜೊತೆ ಮಾತಾಡುವಾಗಲೆಲ್ಲ, ಇಪ್ಪತ್ತು ವರ್ಷ, ನೆಂಟರ ಮನೆಗೆ ಹೊರಟವಳ ಹಾಗೆ ನಾಲಿಗೆಗೆ ರೇಷ್ಮೆ ಉಡಿಸುತ್ತಿದ್ದಳು. ತಲೆನೋವು ಬಂದಾಗಲೂ, ಜಗಳದಲ್ಲೂ, ಹಾಸಿಗೆಯಲ್ಲೂ. ಆಯಾಸವಾಗಿರಲಿಲ್ಲವೇ ಅವಳಿಗೆ? ಯಾವತ್ತಾದರೂ ಬಿಚ್ಚಿ ಎಸೆದು ಹಾಯಾಗಿ ಕೂರಬೇಕೆನಿಸಲಿಲ್ಲವೇ? ಎನಿಸಿತ್ತು. ಲಿನ್ವಲನಿಗೆ ಅದು ಈಗ ನೆನಪಾಯಿತು, ಆಸ್ಪತ್ರೆಯ ಆ ಕೊನೆಯ ಮಧ್ಯಾಹ್ನ. ನೋವಿನ ಮದ್ದು ಏರಿತ್ತು. ಅವಳು ಅವನ ಅಂಗಿಯ ತೋಳು ಹಿಡಿದು, ನೇರ ಕಣ್ಣಲ್ಲಿ ಕಣ್ಣಿಟ್ಟು, "ಒರಾ..." ಎಂದು ಶುರುಮಾಡಿ ಉದ್ದಕ್ಕೆ ಏನೋ ಹೇಳಿದ್ದಳು. ಮೃದುವಾಗಿ, ತಡವರಿಸದೆ. ಅವನಿಗೆ ಒಂದು ಮಾತೂ ತಿಳಿಯಲಿಲ್ಲ. ಅದು ತಾಯಿಯ ಜೊತೆ ಆಡುವ ಮಾತು, ಪಾಪ, ಅಮ್ಮ ಎಂದು ತಿಳಿದಿದ್ದಾಳೆ ಎಂದುಕೊಂಡ. "ಅಮ್ಮನ್ನ ಕರೀತೀನಿ ಇರು" ಎಂದು ತೋಳು ಬಿಡಿಸಿಕೊಂಡು ತೋಮೆಯನ್ನು ಹುಡುಕುತ್ತ ಕೆಳಗೆ ಓಡಿದ. ಇಬ್ಬರೂ ಬರುವ ಹೊತ್ತಿಗೆ ಅವಳು ನಿದ್ದೆಗೆ ಜಾರಿದ್ದಳು, ಮತ್ತೆ ಮಾತಾಡಲಿಲ್ಲ. ಅವಳು ಕರೆದದ್ದು ಅಮ್ಮನನ್ನಲ್ಲ. ಅಷ್ಟು ವರ್ಷದ ಮೇಲೆ ಒಂದು ಸಲ ಗಂಡನ ಎದುರಿಗೆ ತನ್ನ ಸ್ವಂತ ಬಾಯಲ್ಲಿ ಮಾತಾಡಿದ್ದಳು.

ತೋಮೆಗೆ ಅದನ್ನು ಹೇಳಲಿಲ್ಲ. ಉಕ್ಕಿದ ಸಾರು ಒರೆಸಿದ. ಮುದುಕಿ ಮೀನು ಕುದಿಸಿ ಮೊಟ್ಟೆಯ ಭಾಗವನ್ನು ಅವನ ಬಟ್ಟಲಿಗೆ ಹಾಕಿದಳು, ಯಾವಾಗಲೂ ಹಾಕುವ ಹಾಗೆ. ಉಣ್ಣುತ್ತ ಉಣ್ಣುತ್ತ ಅವನಿಗೆ ಹೊಳೆದದ್ದು ಇದು: ತನ್ನ ಬಾಯಲ್ಲಿರುವ ಮಾತು ತೋಕಿಯೊದ್ದಲ್ಲ, ಈ ಊರಿನದೂ ಅಲ್ಲ, ಮಿಹೊಳದೂ ಅಲ್ಲ. ಅದನ್ನು ಇಬ್ಬರೇ ಇಬ್ಬರು ಆಡುತ್ತಿದ್ದರು. ಒಬ್ಬಳು ಹೋದಳು. ಇನ್ನೊಬ್ಬನೂ ಬಾಯಿ ಮುಚ್ಚಿದರೆ ಅದು ಅಲ್ಲಿಗೆ ಸತ್ತಿತು.

ಮರುದಿನ ಇಲಾಖೆಯವರು ಬಂದರು. ಅತಿಥಿಗಳಿಗೆ ಕೊಟ್ಟ ಚಪ್ಪಲಿ ಅವರ ಕಾಲಿಂದ ಜಾರಿ ಜಾರಿ ಟಪಟಪ ಸದ್ದು. ತರಗತಿಯ ಹಿಂದೆ ಸಾಲಾಗಿ ನಿಂತು ಹಲಗೆಗೆ ಕಾಗದ ಸಿಕ್ಕಿಸಿಕೊಂಡರು. ಚಿದಾ ಬಾಗಿಲ ಬಳಿ ಕೈಕಟ್ಟಿ ನಿಂತ. ತರಗತಿಯ ಮೇಡಂ ಹಯಾಸಾಕಾ ಇನ್ನೂ ಎಳೆಯ ಹುಡುಗಿ, ರಾತ್ರಿಯೆಲ್ಲ ನಿದ್ದೆ ಮಾಡದ ಮುಖ. ಲಿನ್ವಲ್ ಗಡ್ಡ ಕತ್ತರಿಸಿ ಟೈ ಕಟ್ಟಿದ್ದ. ಅವತ್ತಿನ ಪಾಠವೇ 'ನಾನು'. ಇಂಗ್ಲಿಷಿನ ಒಂಟಿಕಾಲಿನ 'ಐ'. ಕಪ್ಪುಹಲಗೆಯ ಮೇಲೆ ಉದ್ದಕ್ಕೆ ಒಂದು ಗೀಟು ಎಳೆದು, ಎದೆ ಮುಟ್ಟಿಕೊಂಡು ಕೂಗಿದ. ಮಕ್ಕಳೂ ಎದೆ ಮುಟ್ಟಿಕೊಂಡು ಕೂಗಿದರು.

"ಇಷ್ಟೇನಾ?" ಅಂದ ದಪ್ಪ ಹುಡುಗ ಮೇಡಂ ಕಡೆ ತಿರುಗಿ. "ಹುಡುಗೀರಿಗೂ ಇದೇನಾ? ಅಜ್ಜಿಗೂ? ಮಂತ್ರಿಗೂ?"

"ಎಲ್ಲರಿಗೂ ಅದೊಂದೇ."

"ಪಾಪ," ಅಂದ ಹುಡುಗ. ಹಿಂದೆ ನಿಂತವರು ನಕ್ಕರು, ಬರೆದುಕೊಂಡರು.

ಎಲ್ಲರಿಗೂ ಅದೊಂದೇ ಅನ್ನುವುದು ಸುಳ್ಳು. ಜಮೈಕಾದ ಗುಡ್ಡದ ಮೇಲಿನ ಅವನ ಹಳ್ಳಿಯಲ್ಲಿ ಅವನ ಅವ್ವ 'ಮಿ' ಅನ್ನುತ್ತಿದ್ದಳು. ಮಿ ಗೆಣಸು ಕೀಳ್ತೀನಿ, ಮಿ ಸಾಯ್ತೀನಿ. ಶಾಲೆಯಲ್ಲಿ ಅವನೂ 'ಮಿ' ಅಂದಾಗ ಮೇಷ್ಟ್ರು ಹುಣಸೆ ಬರಲಿನಿಂದ ಮೀನಖಂಡಕ್ಕೆ ಬಾರಿಸಿ 'ಐ' ಕಲಿಸಿದರು. ಮನೆಗೆ ಬಂದು ಅವ್ವನ ಮುಂದೆ 'ಐ' ಅಂದ. ಅವ್ವ ಹೆಮ್ಮೆಯಿಂದ ನಕ್ಕಳು, ಆಮೇಲೆ ಮಗನ ಎದುರಿಗೆ ಸ್ವಲ್ಪ ಕಡಿಮೆ ಮಾತಾಡತೊಡಗಿದಳು. ಪಾಠ ಮಾತ್ರ ಸೊಗಸಾಗಿ ನಡೆಯುತ್ತಿತ್ತು. ತನ್ನ ಇಂಗ್ಲಿಷ್ ದನಿ ಗೋಡೆಗೆ ಬಡಿದು ಹಿಂದಿರುಗುವುದು ಅವನಿಗೇ ಕೇಳುತ್ತಿತ್ತು. ಗಡುಸು, ಗಂಡು ದನಿ. ಚಿದಾನ ಮುಖ ಅರಳಿತ್ತು. ಒಬ್ಬೊಬ್ಬರೇ ಮಕ್ಕಳು ಎದ್ದು 'ನಾನು ಇಂಥವನು, ನನಗೆ ಇಂಥದ್ದು ಇಷ್ಟ' ಎಂದು ಇಂಗ್ಲಿಷಿನಲ್ಲಿ ಹೇಳಿ ಕೂತರು. ಇತೋಹಾಳ ಸರದಿ ಬಂತು.

ಎದ್ದಳು. ಎದೆ ಮುಟ್ಟಿಕೊಂಡಳು. "ಐ," ಅಂದಳು. ಅಲ್ಲಿಗೆ ನಿಂತಿತು. ಹಿಂದೆ ಪೆನ್ನುಗಳು ನಿಂತವು. ಮೇಡಂ ತುಟಿಯಲ್ಲೇ ಮುಂದಿನ ಮಾತು ಆಡಿ ತೋರಿಸಿದಳು. "ಐ," ಅಂದಳು ಹುಡುಗಿ ಮತ್ತೆ, ಮೂಗು ಸೋರಿತು, ಒರೆಸಿಕೊಳ್ಳಲು ಕೈ ಏಳಲಿಲ್ಲ. ಆ ಒಂಟಿ ಅಕ್ಷರದ ಮೇಲೆ ಕಾಲೂರಲಾರದೆ ತೂಗಾಡುತ್ತಿದ್ದಳು. ಅವಳ ಕಣ್ಣು ಲಿನ್ವಲನನ್ನು ಹುಡುಕಿತು. ಲಿನ್ವಲನ ಬಾಯಲ್ಲಿ ಇಂಗ್ಲಿಷಿನ ಒಂದು ಒಳ್ಳೆಯ ವಾಕ್ಯ ಸಿದ್ಧವಾಗಿತ್ತು, ಬೆಳಿಗ್ಗೆ ಮೇಡಂ ಜೊತೆ ಅಭ್ಯಾಸ ಮಾಡಿದ್ದೇ. ಅದು ಈ ಹುಡುಗಿಗೆ ತಿಳಿಯುವುದಿಲ್ಲ. ತೋಳು ಹಿಡಿದು ಕಣ್ಣಲ್ಲಿ ಕಣ್ಣಿಟ್ಟಿರುವಾಗ ತಿಳಿಯದ ಮಾತು ಕೇಳಿದರೆ ಹೇಗಿರುತ್ತದೆಂದು ಅವನಿಗೆ ಗೊತ್ತಿತ್ತು. ಅವನು ಹೋಗಿ ಅವಳ ಬೆಂಚಿನ ಪಕ್ಕ ಕುಕ್ಕರಗಾಲಲ್ಲಿ ಕೂತ. ಟೈಯ ತುದಿಯಿಂದ ಅವಳ ಮೂಗು ಒರೆಸಿದ.

"ಹೆದರಬೇಡ ಕಣೇ, ನನ್ನ ಚಿನ್ನ," ಅಂದ, ಇಡೀ ತರಗತಿಗೆ ಕೇಳುವ ಹಾಗೆ, ಮಿಹೊ ಆಡುತ್ತಿದ್ದ ಹಾಗೆ. "ನಾನೂ ಹೀಗೇ ನಿಂತೋಳು. ಈ ಊರಿಗೆ ಬಂದಾಗ ಒಂದು ವರ್ಷ ಬಾಯೇ ಬಿಡದೆ ನಿಂತೋಳು. ಅವಸರ ಇಲ್ಲ, ಆಯ್ತಾ? ನಾನಿಲ್ಲೇ ಕೂತಿರ್ತೀನಿ."

ಹಿಂದೆ ಯಾರೋ ನಗೆಯನ್ನು ಮೂಗಿನಲ್ಲಿ ಹಿಡಿದರು. ಚಪ್ಪಲಿಯೊಂದು ಟಪ್ಪೆಂದಿತು. ಚಿದಾ ಕಣ್ಣು ಮುಚ್ಚಿದ. ಲಿನ್ವಲನಿಗೆ ನಗೆ ಕೇಳಿಸಿತು, ಸ್ಪಷ್ಟವಾಗಿ ಕೇಳಿಸಿತು, ಆದರೆ ಅದು ಬೇರೆ ಯಾರದೋ ಮನೆಯ ಜಗಳದ ಹಾಗಿತ್ತು. ಇತೋಹಾ ಉಸಿರು ಎಳೆದುಕೊಂಡು, ತನಗೆ ಹಿಮ ಇಷ್ಟ ಎಂಬುದನ್ನು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿ ದೊಪ್ಪನೆ ಕೂತಳು.

ಪಾಠ ಮುಗಿದ ಮೇಲೆ ಚಿದಾ ಅವನನ್ನು ಮೆಟ್ಟಿಲ ಬಳಿ ಹಿಡಿದ. ಸಿಟ್ಟಿರಲಿಲ್ಲ. ಅದೇ ಕಷ್ಟ.

"ಈಗ ಹೆಡ್ ಮಾಸ್ಟರ ಕೋಣೇಲಿ ಸಭೆ. ಇಲಾಖೆಯವರು ಪಾಠದ ಬಗ್ಗೆ ಮಾತಾಡ್ತಾರೆ. ನೀವು ಏನೂ ಹೇಳಬೇಡಿ, ನಾನು ನೋಡ್ಕೋತೀನಿ. ಪಾಪ ಹೊರದೇಶದವರು, ಏನು ಮಾತಾಡ್ತಿದೀನಿ ಅನ್ನೋದೇ ಅವರಿಗೆ ಗೊತ್ತಿಲ್ಲ ಅಂತೀನಿ. ನೀವು ಹೌದು ಅಂತ ತಲೆ ಬಾಗಿಸಿ. ಮುಂದಿನ ವರ್ಷದ ಕರಾರು ಉಳಿಯುತ್ತೆ."

"ಗೊತ್ತಿದ್ದೇ ಆಡಿದ್ದು, ಚಿದಾ ಸೆನ್ಸೆ."

"ಹಾಗನ್ನಬೇಡಿ, ಕೈ ಮುಗೀತೀನಿ. ಗೊತ್ತಿಲ್ಲದೆ ಅಂದ್ರೆ ತಪ್ಪು ಅಷ್ಟೇ. ತಪ್ಪನ್ನ ಎಲ್ಲರೂ ಕ್ಷಮಿಸ್ತಾರೆ."

ಚಿದಾನ ಕೊರಳಪಟ್ಟಿ ಸವೆದಿತ್ತು. ಈ ಮನುಷ್ಯ ಈಗ ಒಳಗೆ ಹೋಗಿ ತನಗಾಗಿ ಸೊಂಟ ಬಗ್ಗಿಸಿ ನಿಲ್ಲುತ್ತಾನೆ ಎಂದು ಲಿನ್ವಲನಿಗೆ ಗೊತ್ತಿತ್ತು. ನಿನ್ನೆಯಾಗಿದ್ದರೆ ಗೋಡೆ ಗುದ್ದುತ್ತಿದ್ದ. ಇವತ್ತು ಆ ಮನುಷ್ಯನ ಹೆಗಲ ಮೇಲೆ ಕೈಯಿಡಬೇಕೆನಿಸಿತು, ಇಟ್ಟ. ಟೀವಿಯ ಮುಂದೆ ಒಬ್ಬಳು ಹುಡುಗಿ ಕೂತು ತುಟಿ ತಿರುಗಿಸಿ ತಿರುಗಿಸಿ ಕಲಿತದ್ದನ್ನು, ಯಾರೂ ನಗದಿರಲಿ ಎಂದು ಕಲಿತದ್ದನ್ನು, ಒಳಗಿನ ಕೋಣೆಯಲ್ಲಿ ಮುಚ್ಚಳದ ಟೀ ಬಟ್ಟಲುಗಳ ನಡುವೆ ತಪ್ಪು ಎಂದು ಒಪ್ಪಿ ಕ್ಷಮೆ ಪಡೆಯಬೇಕು. ಅವಳ ಪರವಾಗಿ ತಲೆ ಬಾಗಿಸುವ ಹಕ್ಕು ತನಗಿಲ್ಲ.

"ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ ಕಣ್ರೀ," ಅಂದ. "ಹಿಮ ತೋಡುವಾಗ ಕಿವಿ ಮುಚ್ಚಿಕೊಳ್ಳಿ, ಬೆಳಿಗ್ಗೆ ಕೆಂಪಗಾಗಿರುತ್ತೆ."

ಚಿದಾ ಏನೋ ಹೇಳಲು ಹೊರಟ. ಅಷ್ಟರಲ್ಲಿ ಹೆಡ್ ಮಾಸ್ಟರ ಕೋಣೆಯ ಬಾಗಿಲು ಸರಿಯಿತು, ಒಳಗೆ ಕುರ್ಚಿ ಎಳೆಯುವ ಸದ್ದು. ಅವನು ಓಡಬೇಕಾಯಿತು. "ಐದೇ ನಿಮಿಷ, ಬನ್ನಿ," ಎಂದು ಹಿಂದಿರುಗಿ ನೋಡುತ್ತ ಓಡಿದ.

ಲಿನ್ವಲ್ ಮೆಟ್ಟಿಲಿಳಿದ. ಬೂಟು ಬಿಡುವ ಜಾಗದಲ್ಲಿ ಕೂತು ಒಳಚಪ್ಪಲಿ ಕಳಚಿ, ಬೂಟಿನ ದಾರ ಕಟ್ಟಿದ. ಬಿಡುವಿನ ಹೊತ್ತು, ಮಕ್ಕಳು ಹಿಮದಲ್ಲಿ ಹೊರಳಾಡುತ್ತಿದ್ದರು. "ಸೆನ್ಸೆ, ಎಲ್ಲಿಗೆ?" ಅಂತ ಯಾರೋ ಕೂಗಿದರು. ಈ ದೇಶದಲ್ಲಿಯೂ ಹೊಸ್ತಿಲು ದಾಟುವವನು ಹೋಗುತ್ತೇನೆ ಅನ್ನುವುದಿಲ್ಲ.

"ಹೋಗಿ ಬರ್ತೀನಿ ಕಣ್ರೋ," ಅಂದ ಲಿನ್ವಲ್.

"ಹೋಗಿ ಬನ್ನಿ!" ಅಂದವು ಮಕ್ಕಳು, ಆಟದಿಂದ ತಲೆಯೆತ್ತದೆ.

ಗೇಟು ದಾಟಿದಾಗ ಶಾಲೆಯ ಧ್ವನಿವರ್ಧಕ ಕರಕರ ಅಂದು ಎಚ್ಚರವಾಯಿತು. ರಿಂಬಾರು ಸೆನ್ಸೆ, ರಿಂಬಾರು ಸೆನ್ಸೆ, ದಯವಿಟ್ಟು ಹೆಡ್ ಮಾಸ್ಟರ ಕೋಣೆಗೆ ಬನ್ನಿ. ಚಿದಾನ ದನಿ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕರೆಯಿತು, ಇನ್ನೂ ಮೆತ್ತಗೆ. ಆಮೇಲೆ ಗಂಟೆ ಹೊಡೆಯಿತು, ಮಕ್ಕಳು ಒಳಗೆ ಓಡಿದರು, ಬಾಗಿಲು ಸರಿದು ಮುಚ್ಚಿತು. ಸಮುದ್ರದ ದಾರಿಯಲ್ಲಿ ಅವನು ತಿರುಗಿ ನೋಡದೆ ನಡೆಯುತ್ತಿದ್ದ, ಬಾಯಿಂದ ಹಬೆ ಬರುತ್ತಿತ್ತು, ಮೆಲ್ಲಗೆ ಯಾರ ಜೊತೆಗೋ ಮಾತಾಡುತ್ತ ಹೋಗುವವನ ಹಾಗೆ.